ಮಂಡಿಯೊಳಗಿನ ಸಿಂಬೆ: ಲಿಗಮೆಂಟ್ ಜೊತೆಗೆ ಮೆನಿಸ್ಕಸ್ ಕೂಡ ಹರಿದಾಗ ಏನು ಮಾಡಬೇಕು?

ಎಸಿಎಲ್ (ಮಂಡಿಯ ಮೂಳೆಗಳನ್ನು ಬಿಗಿದಿಡುವ ಒಂದು ಲಿಗಮೆಂಟ್, ಅಂದರೆ ಹಗ್ಗದಂಥ ನಾರು) ಹರಿದಿದೆ ಎಂದು ಗೊತ್ತಾದ ಮೇಲೆ ಓದುಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ರಿಪೋರ್ಟಿನ ಕೆಳಗಡೆ ಮೆನಿಸ್ಕಸ್ ಎಂದೂ ಏನೋ ಬರೆದಿದೆ. ಡಾಕ್ಟರು ಅದರ ಬಗ್ಗೆ ಹೆಚ್ಚು ಮಾತಾಡಲಿಲ್ಲ. ಅದು ತಾನಾಗಿ ಕೂಡಿಕೊಳ್ಳುತ್ತದೆಯೇ, ಹೊಲಿಯಬೇಕೇ, ಕತ್ತರಿಸಬೇಕೇ?" ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಗಿ ಎಲ್ಲವನ್ನೂ ಒಂದೇ ಕಡೆ ಇಡುತ್ತಿದ್ದೇನೆ.

ನಾನು ಫಿಜಿಯೋಥೆರಪಿಸ್ಟ್. ಕತ್ತಿ ಹಿಡಿಯುವ ಕೆಲಸ ನನ್ನದಲ್ಲ. ಆಪರೇಷನ್ ಮುಗಿದ ಮೇಲೆ ಮಂಡಿಯನ್ನು ಮಡಿಸಿ ಬಿಡಿಸುವುದು ನನ್ನ ಪಾಲಿಗೆ ಬರುತ್ತದೆ. ಅವಸರದಲ್ಲಿ ತೆಗೆದುಕೊಂಡ ತೀರ್ಮಾನಗಳು 10 ವರ್ಷದ ನಂತರ ಹೇಗೆ ಕುಂಟುತ್ತಾ ಬರುತ್ತವೆ ಎಂಬುದನ್ನೂ ನೋಡುತ್ತಿರುತ್ತೇನೆ. ಹಾಗಾಗಿ ನನ್ನ ಒಲವನ್ನು ಮೊದಲೇ ಹೇಳಿಬಿಡುತ್ತೇನೆ: ಎಲ್ಲರ ಕಣ್ಣು ಲಿಗಮೆಂಟಿನ ಮೇಲಿರುತ್ತದೆ, ಆದರೆ ಮಂಡಿ ಬೇಗ ಸವೆಯುತ್ತದೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಮೆನಿಸ್ಕಸ್, ಅಂದರೆ ಮೂಳೆಗಳ ನಡುವಿನ ಮೆತ್ತೆ. ಅದನ್ನು ಉಳಿಸಿಕೊಳ್ಳಲು ಸಾಧ್ಯವಿದ್ದರೆ ಉಳಿಸಿಕೊಳ್ಳಿ.

ಮೊದಲು ಒಳಗಿನ ಸಂಸಾರ

ತೊಡೆಮೂಳೆಯ ಕೆಳತುದಿ ದುಂಡು. ಅದು ಕೂರುವ ಕೆಳಗಾಲಿನ ಮೂಳೆಯ ತಲೆ ಹೆಚ್ಚುಕಡಿಮೆ ಚಪ್ಪಟೆ. ದುಂಡು ತಳದ ಮಡಕೆಯನ್ನು ನೆಲದ ಮೇಲಿಟ್ಟರೆ ಹೊರಳುತ್ತದೆ ಎಂದು ಕೆಳಗೆ ಸಿಂಬೆ ಇಡುತ್ತಿದ್ದರಲ್ಲ, ಆ ಕೆಲಸ ಮಾಡುವುದೇ ಮೆನಿಸ್ಕಸ್. ಒಂದೊಂದು ಮಂಡಿಯಲ್ಲಿ ಎರಡೆರಡು ಸಿಂಬೆ, ಒಳಬದಿಗೊಂದು, ಹೊರಬದಿಗೊಂದು. ರಬ್ಬರಿನಂತೆ ಬಾಗುವ ಮೃದ್ವಸ್ಥಿಯಿಂದ ಆದ ಇವುಗಳ ಹೊರ ಅಂಚು ದಪ್ಪ, ಒಳ ಅಂಚು ತೆಳು. ಮೈಭಾರವನ್ನು ಹಂಚುವುದು, ಏಟನ್ನು ಹೀರುವುದು, ಮೂಳೆ ಜಾರದಂತೆ ಒತ್ತು ಕೊಡುವುದು ಇವುಗಳ ಕೆಲಸ.

ಎಸಿಎಲ್ ಎಂದರೆ ಮಂಡಿಯ ನಡುವೆ ಓರೆಯಾಗಿ ಬಿಗಿದಿರುವ ಹಗ್ಗ. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ತಿರುಚದಂತೆ ಅದು ಹಿಡಿದಿರುತ್ತದೆ. ಕಬಡ್ಡಿಯಲ್ಲಿ ರೈಡರ್ ಥಟ್ಟನೆ ದಿಕ್ಕು ಬದಲಿಸಿದಾಗ, ಫುಟ್‌ಬಾಲ್ ಟರ್ಫಿನಲ್ಲಿ ಬೂಟು ಕಚ್ಚಿಕೊಂಡು ಮೈ ಮಾತ್ರ ತಿರುಗಿದಾಗ, ಸ್ಕೂಟರ್ ಜಾರಿ ಕಾಲು ಅಡಿಗೆ ಸಿಕ್ಕಿಕೊಂಡಾಗ ಈ ಹಗ್ಗ ಹರಿಯುತ್ತದೆ. ಆ ಗಳಿಗೆಯಲ್ಲಿ ಮೂಳೆ ಮುಂದಕ್ಕೆ ಜಿಗಿದು, ನಡುವೆ ಸಿಕ್ಕ ಸಿಂಬೆಯೂ ಸೀಳುತ್ತದೆ. ಎಸಿಎಲ್ ಹರಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮೆನಿಸ್ಕಸ್ ಗಾಯವೂ ಇರುತ್ತದೆ. ಹೊಸ ಗಾಯದಲ್ಲಿ ಹೊರಬದಿಯದು ಹೆಚ್ಚಾಗಿ ಹರಿದಿರುತ್ತದೆ. ಹರಿದ ಎಸಿಎಲ್ ಇಟ್ಟುಕೊಂಡೇ ತಿಂಗಳುಗಟ್ಟಲೆ ಓಡಾಡಿದವರಲ್ಲಿ ಒಳಬದಿಯದು ಹೋಗುತ್ತದೆ. ಹಗ್ಗ ಮಾಡಬೇಕಿದ್ದ ಕೆಲಸವೆಲ್ಲ ಆ ಒಳಬದಿಯ ಸಿಂಬೆಯ ಹಿಂಭಾಗದ ಮೇಲೆ ಬೀಳುವುದೇ ಕಾರಣ.

ಇನ್ನೊಂದು ಸಂಗತಿ ಮುಂದಿನ ಎಲ್ಲದಕ್ಕೂ ಬೇಕು. ಮೆನಿಸ್ಕಸ್‌ಗೆ ರಕ್ತ ಸಿಗುವುದು ಹೊರ ಅಂಚಿನ ಸುಮಾರು ಮೂರನೇ ಒಂದು ಭಾಗಕ್ಕೆ ಮಾತ್ರ. ಇದನ್ನು ಕೆಂಪು ವಲಯ ಎನ್ನುತ್ತಾರೆ. ಒಳ ಅಂಚು ಬಿಳಿ ವಲಯ, ಅಲ್ಲಿ ರಕ್ತನಾಳವಿಲ್ಲ. ರಕ್ತ ಇರುವಲ್ಲಿ ಹೊಲಿಗೆ ಕೂಡುತ್ತದೆ, ಇಲ್ಲದ ಕಡೆ ಕೂಡುವುದು ಕಷ್ಟ.

ಹಂತ 1: ಪೆಟ್ಟಾದ ಮೊದಲ ಎರಡು ದಿನ

ಆಟ ಅಲ್ಲಿಗೇ ನಿಲ್ಲಿಸಿ. "ಸ್ವಲ್ಪ ನಡೆದಾಡಿದರೆ ಸರಿಹೋಗುತ್ತದೆ" ಎಂದು ಮತ್ತೆ ಅಂಕಣಕ್ಕೆ ಇಳಿದವರಲ್ಲಿ, ಎರಡನೇ ಸಲ ಮಂಡಿ ಹೊರಳಿದಾಗ ಸಣ್ಣ ಸೀಳು ದೊಡ್ಡದಾಗುತ್ತದೆ.

ಮೂರು ವಿಷಯಗಳನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ, ವಾರದ ನಂತರ ಇವು ನೆನಪಿರುವುದಿಲ್ಲ. ಪೆಟ್ಟಾದಾಗ 'ಟಪ್' ಎಂದು ಒಳಗೆ ಶಬ್ದ ಕೇಳಿಸಿತೇ? ಊತ ಎಷ್ಟು ಗಂಟೆಯ ನಂತರ ಬಂತು? ಕಾಲು ಪೂರ್ತಿ ನೀಟಲು ಆಗುತ್ತಿದೆಯೇ? ಎರಡು ಮೂರು ಗಂಟೆಯೊಳಗೆ ಮಂಡಿ ಕುಂಬಳಕಾಯಿಯಂತೆ ಊದಿದರೆ ಒಳಗೆ ರಕ್ತ ತುಂಬಿದೆ ಎಂದೇ ಲೆಕ್ಕ. ಲಿಗಮೆಂಟ್ ಹರಿದಿರುವ ಸಂಶಯ ಬಲವಾಗುತ್ತದೆ. ಮಾರನೆಯ ದಿನ ನಿಧಾನವಾಗಿ ಊದಿದರೆ ಮೆನಿಸ್ಕಸ್ ಮಾತ್ರ ಹರಿದಿರಬಹುದು.

ಬಟ್ಟೆಯಲ್ಲಿ ಸುತ್ತಿದ ಐಸ್ ಅನ್ನು 15ರಿಂದ 20 ನಿಮಿಷ, ದಿನಕ್ಕೆ ನಾಲ್ಕೈದು ಸಲ ಇಡಿ. ಕ್ರೇಪ್ ಬ್ಯಾಂಡೇಜ್ ಸುತ್ತಿ, ಕಾಲನ್ನು ದಿಂಬಿನ ಮೇಲೆ ಎತ್ತರಿಸಿ. ಎಣ್ಣೆ ನೀವುವುದು, ಬಿಸಿ ಶಾಖ ಕೊಡುವುದು ಬೇಡ. ಎಳೆದು ನಾಟಿ ಕಟ್ಟು ಹಾಕಿಸುವುದು ಬೇಡವೇ ಬೇಡ. ಸರಳ ಮುರಿತಕ್ಕೆ ಕಟ್ಟು ಕಟ್ಟಿಸಿ ವಾಸಿಯಾದ ಕಥೆ ಪ್ರತಿ ಮನೆಯಲ್ಲೂ ಇರುತ್ತದೆ, ಜಗಳ ನನ್ನದಲ್ಲ. ಆದರೆ ಕಡಿದುಹೋದ ಎಸಿಎಲ್ಲಿನ ತುದಿಗಳನ್ನು ಹೊರಗಿನ ಕಟ್ಟು ಕೂಡಿಸಲಾರದು. ಆರು ವಾರ ಬಿಗಿದಿಟ್ಟ ಮಂಡಿ ಮರಗಟ್ಟಿ ನನ್ನ ಬಳಿ ಬಂದಾಗ, ಮೂಲ ಗಾಯಕ್ಕಿಂತ ಆ ಬಿಗಿತ ಬಿಡಿಸುವುದೇ ದೊಡ್ಡ ಕೆಲಸವಾಗುತ್ತದೆ.

ಎಚ್ಚರ: ಪಾದ ತಣ್ಣಗಾಗಿದ್ದರೆ, ಬಿಳಿಚಿಕೊಂಡಿದ್ದರೆ, ಜೋಮು ಹಿಡಿದಿದ್ದರೆ, ಪಾದವನ್ನು ಮೇಲಕ್ಕೆತ್ತಲು ಆಗದಿದ್ದರೆ ಅಥವಾ ಮಂಡಿ ಸೊಟ್ಟಗೆ ಕಂಡಿದ್ದರೆ ಬೆಳಗಾಗುವವರೆಗೆ ಕಾಯಬೇಡಿ. ಮಂಡಿ ಕೀಲು ತಪ್ಪಿ ಹಿಂಬದಿಯ ರಕ್ತನಾಳಕ್ಕೆ ಪೆಟ್ಟಾಗಿರಬಹುದು. ರಕ್ತ ಹರಿಯದೆ ಆರು ಗಂಟೆ ಮೀರಿದರೆ ಕಾಲು ಉಳಿಸುವುದೇ ಕಷ್ಟ. ಕೀಲು ತಾನಾಗಿ ಸ್ವಸ್ಥಾನಕ್ಕೆ ಬಂದಿದ್ದರೂ ಈ ಅಪಾಯ ಹೋಗುವುದಿಲ್ಲ.

ಹಂತ 2: ಎಕ್ಸ್‌ರೇ ಮತ್ತು ಡಾಕ್ಟರ ಕೈ

ಎಕ್ಸ್‌ರೇಯಲ್ಲಿ ಲಿಗಮೆಂಟೂ ಕಾಣದು, ಮೆನಿಸ್ಕಸ್ಸೂ ಕಾಣದು. ಮೂಳೆ ಮುರಿದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಅದು ಬೇಕು. ನಾಲ್ಕು ಹೆಜ್ಜೆ ಇಡಲಾಗದವರು, ಮಂಡಿಯನ್ನು 90 ಡಿಗ್ರಿ ಮಡಿಸಲಾಗದವರು, 55 ದಾಟಿದವರು ತಪ್ಪದೆ ತೆಗೆಸಿ. "ಎಕ್ಸ್‌ರೇ ನಾರ್ಮಲ್, ಏನೂ ಆಗಿಲ್ಲ" ಎಂದು ಮನೆಗೆ ಹೋಗಿ ಆರು ತಿಂಗಳು ಕಳೆಯುವುದು ನಾನು ಕಾಣುವ ಅತಿ ಸಾಮಾನ್ಯ ತಪ್ಪು.

ಆಮೇಲೆ ಮೂಳೆ ತಜ್ಞರು ಕೈಯಿಂದ ಪರೀಕ್ಷಿಸುತ್ತಾರೆ. ಮಂಡಿಯನ್ನು 20ರಿಂದ 30 ಡಿಗ್ರಿ ಮಡಿಸಿ ಕೆಳಗಿನ ಮೂಳೆಯನ್ನು ಮುಂದಕ್ಕೆ ಎಳೆಯುವುದು ಲಾಕ್‌ಮನ್ ಪರೀಕ್ಷೆ. ಎಸಿಎಲ್ ಹರಿದಿದ್ದರೆ ಮೂಳೆ ತಡೆಯಿಲ್ಲದೆ ಮುಂದೆ ಬರುತ್ತದೆ. ಎರಡು ಮೂಳೆ ಸೇರುವ ಗೆರೆಯ ಉದ್ದಕ್ಕೂ ಬೆರಳೊತ್ತಿ ನೋವು ಎಲ್ಲಿದೆ ಎಂದು ನೋಡುವುದು, ಮಂಡಿಯನ್ನು ಮಡಿಸಿ ತಿರುಗಿಸುತ್ತಾ ಬಿಡಿಸುವ ಮ್ಯಾಕ್‌ಮರ್ರೇ ಪರೀಕ್ಷೆ, ಇವು ಮೆನಿಸ್ಕಸ್‌ಗಾಗಿ. ಊದಿ ನೋಯುತ್ತಿರುವ ಮಂಡಿಯಲ್ಲಿ ಇವು ಯಾವುವೂ ಸರಿಯಾಗಿ ಆಗುವುದಿಲ್ಲ. ಆದ್ದರಿಂದ ಮೊದಲ ದಿನವೇ ತೀರ್ಪು ಕೇಳಬೇಡಿ. ಊತ ಇಳಿದ ಮೇಲೆ, 10ರಿಂದ 14 ದಿನದೊಳಗೆ ಮತ್ತೊಮ್ಮೆ ತೋರಿಸಿ. ವಿಡಿಯೊ ನೋಡಿಕೊಂಡು ತಮ್ಮನ ಕೈಯಲ್ಲಿ ಮಂಡಿ ತಿರುಗಿಸಿಕೊಳ್ಳುವ ಸಾಹಸವೂ ಬೇಡ.

ಮನೆಯಲ್ಲಿ ನೀವು ನೋಡಿಕೊಳ್ಳಬಹುದಾದದ್ದು ಒಂದೇ. ಮಂಚದ ಮೇಲೆ ಬೋರಲು ಮಲಗಿ, ಮಂಡಿಯಿಂದ ಕೆಳಗಿನ ಭಾಗ ಅಂಚಿನಾಚೆ ಇಳಿಬೀಳಲಿ. ಹಿಂದಿನಿಂದ ಯಾರಾದರೂ ಎರಡು ಹಿಮ್ಮಡಿಗಳನ್ನು ನೋಡಲಿ. ಎರಡೂ ಸಮವಾಗಿದ್ದರೆ ಮಂಡಿ ಪೂರ್ತಿ ನೀಟುತ್ತಿದೆ. ಪೆಟ್ಟಾದ ಕಾಲಿನ ಹಿಮ್ಮಡಿ ಮೇಲೆದ್ದೇ ಇದ್ದು, ಮಂಡಿಯೊಳಗೆ ಏನೋ ಅಡ್ಡ ಸಿಕ್ಕಿಕೊಂಡಂತೆ ಅನಿಸಿದರೆ ಅದಕ್ಕೆ ಲಾಕ್ ಆಗಿದೆ ಎನ್ನುತ್ತಾರೆ. ನೋವಿಗೆ ಸ್ನಾಯು ಬಿಗಿಹಿಡಿದೂ ಹೀಗಾಗಬಹುದು, ಅದು ದಿನ ಕಳೆದಂತೆ ಸಡಿಲವಾಗುತ್ತದೆ. ಸಡಿಲವಾಗದಿದ್ದರೆ ಹರಿದ ಮೆನಿಸ್ಕಸ್ ಮಗುಚಿ ಮೂಳೆಗಳ ನಡುವೆ ಕೂತಿರಬಹುದು. ಬಲವಂತವಾಗಿ ಒತ್ತಿ ನೀಟಿಸಬೇಡಿ, ತಜ್ಞರ ಬಳಿ ಬೇಗ ಹೋಗಿ.

ಹಂತ 3: ಎಂಆರ್‌ಐ, ಮತ್ತು ಆ ರಿಪೋರ್ಟನ್ನು ಓದುವುದು

ಸ್ಕ್ಯಾನಿಗೆ ಸಾಮಾನ್ಯವಾಗಿ ಅರ್ಧ ಗಂಟೆ ಸಾಕು. ಈ ಗಾಯಕ್ಕೆ ಬಣ್ಣದ ಇಂಜೆಕ್ಷನ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಪೇಸ್‌ಮೇಕರ್ ಅಥವಾ ಮೈಯಲ್ಲಿ ಲೋಹದ ಚೂರು ಇದ್ದರೆ ಮೊದಲೇ ಹೇಳಿ. ಚೀಟಿಯಲ್ಲಿ ಬರೀ 'ಮಂಡಿ ನೋವು' ಎಂದಿದ್ದರೆ, ಯಾವಾಗ, ಹೇಗೆ ಪೆಟ್ಟಾಯಿತು ಎಂಬುದನ್ನೂ ಸೇರಿಸಲು ಕೇಳಿ. ಏನನ್ನು ಹುಡುಕಬೇಕೆಂದು ಗೊತ್ತಿದ್ದ ರೇಡಿಯಾಲಜಿಸ್ಟ್ ಹೆಚ್ಚು ಕಾಣುತ್ತಾರೆ.

ರಿಪೋರ್ಟಿನಲ್ಲಿ ನಿಮ್ಮನ್ನು ಹೆದರಿಸುವ ಪದಗಳು ಇವು:

ಗ್ರೇಡ್ 1, ಗ್ರೇಡ್ 2: ಮೆನಿಸ್ಕಸ್ ಒಳಗೆ ಮಸುಕು ಕಲೆ ಇದೆ, ಅದು ಮೇಲ್ಮೈಯನ್ನು ಮುಟ್ಟಿಲ್ಲ. ಇದು ಸೀಳಲ್ಲ. ಗ್ರೇಡ್ 3 ಎಂದರೆ ಮಾತ್ರ ಮೇಲ್ಮೈವರೆಗೆ ಬಂದ ಸೀಳು. ಗ್ರೇಡ್ 2 ನೋಡಿ ನಿದ್ದೆಗೆಟ್ಟವರು ಎಷ್ಟೋ ಮಂದಿ.

ಬೋನ್ ಬ್ರೂಸ್: ಮೂಳೆಯ ಒಳಗಿನ ಜಜ್ಜುಗಾಯ. ಎಸಿಎಲ್ ಹರಿಯುವಾಗ ಎರಡು ಮೂಳೆ ಬಡಿದುಕೊಂಡ ಗುರುತು, ಮುರಿತವಲ್ಲ.

ಬಕೆಟ್ ಹ್ಯಾಂಡಲ್: ಉದ್ದಕ್ಕೆ ಸೀಳಿದ ಮೆನಿಸ್ಕಸ್‌ನ ಒಳಪಟ್ಟಿ ಬಕೆಟ್ಟಿನ ಹಿಡಿಯಂತೆ ಮಗುಚಿದೆ. ಮಂಡಿ ಲಾಕ್ ಆಗುವುದು ಹೆಚ್ಚಾಗಿ ಇದರಿಂದ.

ರೇಡಿಯಲ್: ಒಳ ಅಂಚಿನಿಂದ ಹೊರಕ್ಕೆ ಅಡ್ಡಲಾಗಿ ಬಿದ್ದ ಸೀಳು. ಹೊರ ಅಂಚಿನವರೆಗೂ ಹೋಗಿದ್ದರೆ ಸಿಂಬೆಯ ಸುತ್ತು ಕಡಿಯಿತು ಎಂದೇ ಅರ್ಥ. ಸುತ್ತು ಕಡಿದ ಸಿಂಬೆ ಮಡಕೆಯನ್ನು ಹೊರುವುದಿಲ್ಲ, ಅಗಲಕ್ಕೆ ಬಿಚ್ಚಿಕೊಳ್ಳುತ್ತದೆ.

ರೂಟ್ ಟೇರ್: ಮೆನಿಸ್ಕಸ್ ಮೂಳೆಗೆ ಬೇರೂರುವ ಜಾಗದಲ್ಲೇ ಕಿತ್ತುಬಂದಿದೆ. ಪರಿಣಾಮ ಮೇಲಿನದರಂತೆಯೇ. ಎಸಿಎಲ್ ಜೊತೆಗೆ ಹೊರಬದಿಯ ಹಿಂದಿನ ಬೇರು ಹೀಗೆ ಕಿತ್ತುಬರುವುದುಂಟು.

ರ‍್ಯಾಂಪ್: ಒಳಬದಿಯ ಮೆನಿಸ್ಕಸ್ ಹಿಂಭಾಗದಲ್ಲಿ ಕೀಲಿನ ಚೀಲಕ್ಕೆ ಅಂಟಿಕೊಂಡಿರುವ ಜಾಗದಲ್ಲಿ ಬಿಟ್ಟುಕೊಂಡಿದೆ.

ಈ ಕೊನೆಯದರ ಬಗ್ಗೆ ಸ್ವಲ್ಪ ನಿಲ್ಲಬೇಕು. ರ‍್ಯಾಂಪ್ ಗಾಯ ಎಂಆರ್‌ಐಗೆ ಆಗಾಗ ತಪ್ಪಿಸಿಕೊಳ್ಳುತ್ತದೆ. ಸ್ಕ್ಯಾನ್ ಮಾಡುವಾಗ ಕಾಲು ನೀಟಿರುತ್ತದೆ, ಆಗ ಬಿಟ್ಟುಕೊಂಡ ಅಂಚುಗಳು ಒಂದಕ್ಕೊಂದು ತಾಗಿ ಮುಚ್ಚಿಕೊಳ್ಳುತ್ತವೆ, ಜೇಬಿನ ಹೊಲಿಗೆ ಬಿಚ್ಚಿದ್ದರೂ ಇಸ್ತ್ರಿ ಮಾಡಿ ಮಡಿಸಿಟ್ಟ ಅಂಗಿಯಲ್ಲಿ ಕಾಣದಂತೆ. ಆಪರೇಷನ್ ವೇಳೆ ಮುಂದಿನಿಂದಷ್ಟೇ ದುರ್ಬೀನು ಹಾಕಿ ನೋಡಿದರೂ ತಪ್ಪುತ್ತದೆ. ದುರ್ಬೀನನ್ನು ಮಂಡಿಯ ನಡುವಿನ ಸಂದಿಯಿಂದ ಹಿಂದಕ್ಕೆ ತೂರಿಸಿ, ಕೊಕ್ಕೆಯಂಥ ಸಲಕರಣೆಯಿಂದ ಆ ಅಂಚನ್ನು ಎಳೆದು ನೋಡಿದರೆ ಬಾಯಿ ಬಿಡುತ್ತದೆ. ಅದಕ್ಕೇ "ರಿಪೋರ್ಟಿನಲ್ಲಿ ಮೆನಿಸ್ಕಸ್ ಸರಿಯಿದೆ" ಎಂಬ ಸಾಲನ್ನು ಕೊನೆಯ ಮಾತೆಂದು ತಿಳಿಯಬೇಡಿ. ಕೊನೆಯ ಮಾತು ಆರ್ತ್ರೋಸ್ಕೋಪಿಯದು, ಅಂದರೆ ಸಣ್ಣ ತೂತಿನಿಂದ ದುರ್ಬೀನು ಹಾಕಿ ನೋಡುವುದರದು.

ಇದರ ತಿರುವುಮುರುವು ತಪ್ಪು ವಯಸ್ಸಾದವರಲ್ಲಿ ಆಗುತ್ತದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ 50 ದಾಟಿದ ಸಾಮಾನ್ಯ ಜನರನ್ನು ಸ್ಕ್ಯಾನ್ ಮಾಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 35ರಷ್ಟು ಮಂದಿಯ ಮೆನಿಸ್ಕಸ್ ಹಾಳಾಗಿತ್ತು. ಅವರಲ್ಲಿ ಶೇ 61ರಷ್ಟು ಮಂದಿಗೆ ಹಿಂದಿನ ಒಂದು ತಿಂಗಳಲ್ಲಿ ಮಂಡಿನೋವೇ ಇರಲಿಲ್ಲ. ನಿಮ್ಮ ತಂದೆಯ ರಿಪೋರ್ಟಿನ ಸವಕಳಿ ಸೀಳನ್ನೂ ನಿಮ್ಮ ಕಬಡ್ಡಿ ಗಾಯವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಈ ಲೇಖನ ಎರಡನೆಯದಕ್ಕೆ ಮಾತ್ರ.

ಹಂತ 4: ಬಿಡುವುದೋ, ಹೊಲಿಯುವುದೋ, ಕತ್ತರಿಸುವುದೋ

ಮೊದಲು ಲಿಗಮೆಂಟಿನ ಮಾತು. ಎಸಿಎಲ್ ಹರಿದವರೆಲ್ಲ ಆಪರೇಷನ್ ಮಾಡಿಸಿಕೊಳ್ಳಲೇಬೇಕೆಂದಿಲ್ಲ. ಸ್ವೀಡನ್ನಿನಲ್ಲಿ 121 ಯುವಕ ಯುವತಿಯರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವ್ಯಾಯಾಮದಿಂದ ಆರಂಭಿಸಿ ಬೇಕೆನಿಸಿದರೆ ಮಾತ್ರ ಆಪರೇಷನ್ ಎಂಬ ಗುಂಪಿನವರಲ್ಲಿ ಸುಮಾರು ಅರ್ಧ ಜನ ಐದು ವರ್ಷವಾದರೂ ಆಪರೇಷನ್ ಇಲ್ಲದೆ ಇದ್ದರು. ಆದರೆ ಹೊಲಿಯಲು ಯೋಗ್ಯವಾದ ಮೆನಿಸ್ಕಸ್ ಸೀಳು ಜೊತೆಗಿದ್ದರೆ ಲೆಕ್ಕ ಬದಲಾಗುತ್ತದೆ. ಜಾರುವ ಮಂಡಿಯಲ್ಲಿ ಹಾಕಿದ ಹೊಲಿಗೆ ನಿಲ್ಲುವುದಿಲ್ಲ. ಹಗ್ಗ ಕಟ್ಟಿಯೇ ಸಿಂಬೆ ಹೊಲಿಯಬೇಕು, ಸಾಮಾನ್ಯವಾಗಿ ಎರಡೂ ಒಂದೇ ಸಲಕ್ಕೆ.

ಮೆನಿಸ್ಕಸ್‌ಗೆ ಮೂರು ದಾರಿಗಳು.

ಹಾಗೇ ಬಿಡುವುದು. ಸೀಳು ಚಿಕ್ಕದಿದ್ದು, ಕೊಕ್ಕೆಯಿಂದ ಎಳೆದರೂ ಅಲುಗದಿದ್ದರೆ, ಅದರಲ್ಲೂ ಹೊರಬದಿಯ ಹಿಂಭಾಗದಲ್ಲಿದ್ದರೆ, ಎಸಿಎಲ್ ಸರಿಪಡಿಸಿದ ಮೇಲೆ ಅದು ತಾನಾಗಿ ನೆಮ್ಮದಿಯಾಗಿರುತ್ತದೆ.

ಹೊಲಿಯುವುದು. ಕೆಂಪು ವಲಯದ ಉದ್ದ ಸೀಳು, ಬಕೆಟ್ ಹ್ಯಾಂಡಲ್, ರ‍್ಯಾಂಪ್, ರೂಟ್, ಇವುಗಳಿಗೆ ಮೊದಲ ಆಯ್ಕೆ ಇದೇ ಆಗಬೇಕು. ಎಸಿಎಲ್ ಜೊತೆಗೆ ಹೊಲಿದದ್ದು, ಬರೀ ಮೆನಿಸ್ಕಸ್ ಹೊಲಿದದ್ದಕ್ಕಿಂತ ಚೆನ್ನಾಗಿ ಕೂಡುತ್ತದೆ. ಹರಿದದ್ದರ ಜಾಗದಲ್ಲಿ ಕೂರಿಸುವ ಹೊಸ ಲಿಗಮೆಂಟಿಗಾಗಿ ಮೂಳೆಯಲ್ಲಿ ಸುರಂಗ ಕೊರೆದಾಗ ಮಜ್ಜೆಯ ರಕ್ತ ಕೀಲಿನೊಳಗೆ ಬಂದು ಗಾಯಕ್ಕೆ ಗೊಬ್ಬರವಾಗುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ. ಹಾಗೆಂದು ಹೊಲಿದದ್ದೆಲ್ಲ ಕೂಡುವುದಿಲ್ಲ. ವರ್ಷಗಳ ಲೆಕ್ಕದಲ್ಲಿ ಸುಮಾರು ಐದರಲ್ಲಿ ಒಂದು ಬಿಟ್ಟುಕೊಳ್ಳುತ್ತದೆ, ಮತ್ತೆ ದುರ್ಬೀನು ಹಾಕಬೇಕಾಗುತ್ತದೆ. ಇದನ್ನು ತಿಳಿದೇ ಒಪ್ಪಿಕೊಳ್ಳಿ.

ಕತ್ತರಿಸುವುದು. ಬಿಳಿ ವಲಯದ ಚಿಂದಿಯಾದ ಭಾಗವನ್ನು ಹೊಲಿಯಲು ಬರುವುದಿಲ್ಲ, ಅಷ್ಟನ್ನು ಮಾತ್ರ ಕತ್ತರಿಸಿ ಅಂಚು ನಯ ಮಾಡುತ್ತಾರೆ. ಇದರ ಆಕರ್ಷಣೆ ಏನೆಂದರೆ ಬೇಗ ನಡೆಯಬಹುದು. ಅಪಾಯವೂ ಅದೇ. ಎಡಿನ್‌ಬರೋದ ಥಾಮಸ್ ಅನ್ನಂಡೇಲ್ ಎಂಬ ಸರ್ಜನ್ 1880ರ ದಶಕದಲ್ಲೇ ಮೆನಿಸ್ಕಸ್ ಹೊಲಿದಿದ್ದರೂ, ಮುಂದೆ ಬಹುಕಾಲ ಅದನ್ನು ಪೂರ್ತಿ ಕಿತ್ತೆಸೆಯುವುದೇ ರೂಢಿಯಾಗಿತ್ತು. ಹಾಗೆ ಕಿತ್ತ ಮಂಡಿಗಳ ಎಕ್ಸ್‌ರೇಯಲ್ಲಿ ಸವಕಳಿಯ ಗುರುತುಗಳು ಕಾಣುತ್ತವೆಂದು ಬ್ರಿಟನ್ನಿನ ಸರ್ಜನ್ ಫೇರ್‌ಬ್ಯಾಂಕ್ 1948ರಲ್ಲಿ ತೋರಿಸಿದರು. ಆ ಪಾಠ ಎಲ್ಲ ಆಪರೇಷನ್ ಕೋಣೆಗಳಿಗೂ ಇಳಿಯಲು ದಶಕಗಳೇ ಹಿಡಿದವು. 22 ವರ್ಷದ ಹುಡುಗನಿಗೆ ಆರು ವಾರ ಉಳಿಯಿತೆಂದು ಹೊಲಿಯಬಹುದಾದದ್ದನ್ನು ಕತ್ತರಿಸಿದರೆ, 40ಕ್ಕೇ ಮೆಟ್ಟಿಲು ಇಳಿಯುವಾಗ ಅದರ ಬಡ್ಡಿ ಕಟ್ಟಬೇಕಾಗಬಹುದು.

ತಜ್ಞರನ್ನು ನೇರವಾಗಿ ಕೇಳಿ: ಸೀಳು ಯಾವ ವಲಯದಲ್ಲಿದೆ? ಹೊಲಿಯಬಹುದೇ? ಒಳಗೆ ಹೋದ ಮೇಲೆ ಹೊಲಿಯಬಹುದೆಂದು ಕಂಡರೆ ಬೇಕಾದ ಸಲಕರಣೆ ಅಂದೇ ಕೈಗೆ ಸಿಗುತ್ತದೆಯೇ? ಹಿಂಭಾಗವನ್ನೂ ನೋಡುತ್ತೀರಾ? ಕೇಳಿದ್ದಕ್ಕೆ ಸಿಡುಕುವವರಾದರೆ ಇನ್ನೊಬ್ಬರ ಅಭಿಪ್ರಾಯ ಪಡೆಯುವುದು ನಿಮ್ಮ ಹಕ್ಕು.

ಯಾವಾಗ? ಮಂಡಿ ಲಾಕ್ ಆಗಿದ್ದರೆ ಬೇಗ, ದಿನ ಮತ್ತು ವಾರಗಳ ಲೆಕ್ಕದಲ್ಲಿ. ಇಲ್ಲದಿದ್ದರೆ ಊತ ಇಳಿದು ಮಂಡಿ ಪೂರ್ತಿ ನೀಟುವವರೆಗೆ ಕಾಯುವುದು ಒಳ್ಳೆಯದು. ಆದರೆ "ಬೆಳೆ ಕೊಯ್ಲು ಮುಗಿಯಲಿ, ಪರೀಕ್ಷೆ ಮುಗಿಯಲಿ" ಎಂದು ಮಂಡಿ ಆಗಾಗ ಹೊರಳುತ್ತಿರುವಾಗಲೂ ವರ್ಷ ದಾಟಿಸಿದರೆ, ಇದ್ದ ಸೀಳು ಹೊಲಿಯಲಾಗದಷ್ಟು ನಜ್ಜುಗುಜ್ಜಾಗುತ್ತದೆ.

ಹಂತ 5: ಆಪರೇಷನ್‌ಗೆ ಮೊದಲಿನ ವಾರಗಳು

ಇದನ್ನು ಎಲ್ಲರೂ ಹಾರಿಸಿಬಿಡುತ್ತಾರೆ. ನೀಟದ ಮಂಡಿಗೆ ಆಪರೇಷನ್ ಮಾಡಿದರೆ ಆಮೇಲೂ ಅದು ನೀಟುವುದು ಕಷ್ಟ. ಲಾಕ್ ಆಗಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಹೀಗೆ ಮಾಡಿ: ಚಾಪೆಯ ಮೇಲೆ ಕಾಲು ಚಾಚಿ ಕೂತು, ಹಿಮ್ಮಡಿಯ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಡಿ. ಮಂಡಿಯ ಕೆಳಗಲ್ಲ, ಹಿಮ್ಮಡಿಯ ಕೆಳಗೆ. ತೊಡೆಯ ಮುಂಭಾಗದ ಸ್ನಾಯುವನ್ನು ಬಿಗಿಮಾಡಿ ಮಂಡಿಯ ಹಿಂಭಾಗವನ್ನು ನೆಲದತ್ತ ಒತ್ತಿ, ಐದು ಎಣಿಸಿ ಬಿಡಿ. ಮಂಡಿಚಿಪ್ಪು ತೊಡೆಯತ್ತ ಸರಿಯುವುದು ಕಣ್ಣಿಗೆ ಕಾಣಬೇಕು. ಕಾಣದಿದ್ದರೆ ಸ್ನಾಯು ಇನ್ನೂ ಎಚ್ಚರಗೊಂಡಿಲ್ಲ. ಹತ್ತು ಸಲ, ದಿನಕ್ಕೆ ನಾಲ್ಕೈದು ಬಾರಿ. ರಾತ್ರಿ ಮಂಡಿಯ ಕೆಳಗೆ ದಿಂಬಿಟ್ಟು ಮಲಗಬೇಡಿ, ಹಾಯೆನಿಸಿದರೂ ಮಡಿಸಿದ ಸ್ಥಿತಿಯಲ್ಲೇ ಅದು ಕಟ್ಟಿಕೊಳ್ಳುತ್ತದೆ. ಬೀಡಿ ಸಿಗರೇಟು ಬಿಡಿ, ಗಾಯ ಕೂಡಲು ಅವು ಶತ್ರು.

ಇದೇ ವಾರಗಳಲ್ಲಿ ವಿಮೆಯ ಕೆಲಸವನ್ನೂ ಮುಗಿಸಿ. ಮುಂಗಡ ಒಪ್ಪಿಗೆಯ ಅರ್ಜಿಯಲ್ಲಿ ಎಸಿಎಲ್ ಮಾತ್ರ ಬರೆದಿದ್ದರೆ ಮೆನಿಸ್ಕಸ್ ಹೊಲಿಗೆಯನ್ನೂ ಸೇರಿಸಲು ಹೇಳಿ. ಒಳಗಿನಿಂದಲೇ ಹೊಲಿಯುವ ಸಲಕರಣೆಗೆ ಒಂದೊಂದಕ್ಕೂ ಬೇರೆ ಬೆಲೆ. ಎಷ್ಟು ಬೇಕಾಗಬಹುದು, ಬಿಲ್ ಎಷ್ಟರವರೆಗೆ ಏರಬಹುದು ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ.

ಹಂತ 6: ಆಪರೇಷನ್ ಆದ ಮೇಲೆ

ಎಸಿಎಲ್ ಒಂದೇ ಮಾಡಿಸಿಕೊಂಡ ಗೆಳೆಯ ಎರಡನೇ ವಾರಕ್ಕೇ ಊರುಗೋಲು ಬಿಟ್ಟ ಎಂದು ನೀವೂ ಬಿಡಬೇಡಿ. ಹೊಲಿಗೆ ಇರುವ ಮಂಡಿಯ ಪಂಚಾಂಗವೇ ಬೇರೆ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬ್ರೇಸ್ (ಮಂಡಿಯನ್ನು ಹಿಡಿದಿಡುವ ಕಟ್ಟುಪಟ್ಟಿ) ಮತ್ತು ಊರುಗೋಲು, ಮಡಿಸುವುದು 90 ಡಿಗ್ರಿಯವರೆಗೆ ಮಾತ್ರ. ರೂಟ್ ಅಥವಾ ರೇಡಿಯಲ್ ಹೊಲಿದಿದ್ದರೆ ಸುಮಾರು ಆರು ವಾರ ಆ ಕಾಲಿನ ಮೇಲೆ ಭಾರ ಹಾಕುವಂತೆಯೇ ಇಲ್ಲ. ಕತ್ತರಿಸಿದ್ದಷ್ಟೇ ಆದರೆ ಮೆನಿಸ್ಕಸ್‌ನ ಕಾರಣಕ್ಕೆ ಈ ನಿರ್ಬಂಧವಿಲ್ಲ. ನಿಮ್ಮ ಸರ್ಜನ್ ಬರೆದ ವಾರದ ಲೆಕ್ಕವೇ ಅಂತಿಮ, ಅದನ್ನು ಫಿಜಿಯೋಥೆರಪಿಸ್ಟ್‌ಗೆ ತೋರಿಸಿ.

ನಮ್ಮ ಮನೆಗಳಲ್ಲಿ ಹೊಲಿಗೆ ಬಿಚ್ಚುವುದು ಆಟದ ಮೈದಾನದಲ್ಲಿ ಅಲ್ಲ, ನೆಲದ ಮೇಲೆ. ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವುದು, ಕುಕ್ಕರಗಾಲಿನಲ್ಲಿ ಬಟ್ಟೆ ಒಗೆಯುವುದು, ನೆಲಮಟ್ಟದ ಶೌಚಾಲಯ, ದೇವರ ಮುಂದೆ ಮಂಡಿಯೂರುವುದು, ಇವೆಲ್ಲವೂ ಮೆನಿಸ್ಕಸ್‌ನ ಹಿಂಭಾಗವನ್ನು ಹಿಂಡುತ್ತವೆ. ಕನಿಷ್ಠ ನಾಲ್ಕು ತಿಂಗಳು, ಹಲವರಿಗೆ ಆರು ತಿಂಗಳು ಇವು ಬೇಡ. ಆಸ್ಪತ್ರೆಯಿಂದ ಬರುವ ಮೊದಲೇ ಕಮೋಡ್ ಕುರ್ಚಿ ತಂದಿಡಿ, ಊಟಕ್ಕೊಂದು ಕುರ್ಚಿ ಗೊತ್ತು ಮಾಡಿ. ಮನೆಗೆ ನೋಡಲು ಬಂದ ಹಿರಿಯರು "ಮಡಿಸದಿದ್ದರೆ ಹಾಗೇ ಸೆಟೆದುಹೋಗುತ್ತದೆ" ಎಂದು ಒತ್ತಾಯಿಸುತ್ತಾರೆ. ಕೈಮುಗಿದು ಸುಮ್ಮನಿರಿ.

ಎಚ್ಚರ: ಮೀನಖಂಡದಲ್ಲಿ ಹೊಸದಾಗಿ ನೋವು, ಊತ, ಬಿಸಿ ಕಾಣಿಸಿದರೆ ರಕ್ತ ಹೆಪ್ಪುಗಟ್ಟಿರಬಹುದು. ಜ್ವರ, ಗಾಯದಿಂದ ಸೋರಿಕೆ, ಏರುತ್ತಲೇ ಇರುವ ನೋವು ಸೋಂಕಿನ ಸೂಚನೆ. ಎರಡಕ್ಕೂ ಅದೇ ದಿನ ಆಸ್ಪತ್ರೆಗೆ ಹೋಗಿ. ಏಕಾಏಕಿ ಎದೆನೋವು, ಉಸಿರುಗಟ್ಟುವುದು ಆದರೆ ಗಳಿಗೆಯನ್ನೂ ಕಳೆಯಬೇಡಿ.

ಓಟ ಸಾಮಾನ್ಯವಾಗಿ ನಾಲ್ಕೈದು ತಿಂಗಳ ನಂತರ. ಮೈಗೆ ಮೈ ತಾಗುವ, ಥಟ್ಟನೆ ತಿರುಗುವ ಆಟಗಳಿಗೆ ಒಂಬತ್ತು ತಿಂಗಳಿಗೆ ಮೊದಲು ಇಳಿಯಬೇಡಿ. ಬರೀ ತಿಂಗಳು ಎಣಿಸಿದರೂ ಸಾಲದು: ತೊಡೆಯ ಬಲ ಮತ್ತು ಒಂಟಿಕಾಲಿನ ಜಿಗಿತ ಎರಡೂ ಇನ್ನೊಂದು ಕಾಲಿನ ಶೇ 90ಕ್ಕಾದರೂ ಬಂದಿರಬೇಕು. ಬ್ರೆಜಿಲ್‌ನ ಫುಟ್‌ಬಾಲ್ ಆಟಗಾರ ನೇಮಾರ್‌ಗೆ 2023ರ ಅಕ್ಟೋಬರಿನಲ್ಲಿ ಉರುಗ್ವೆ ವಿರುದ್ಧದ ಪಂದ್ಯದಲ್ಲಿ ಇವೇ ಎರಡು, ಎಸಿಎಲ್ ಮತ್ತು ಮೆನಿಸ್ಕಸ್, ಹರಿದವು. ಕೈಗೊಬ್ಬ ಕಾಲಿಗೊಬ್ಬ ತಜ್ಞರಿದ್ದೂ ಮೈದಾನಕ್ಕೆ ಮರಳಿದ್ದು 2024ರ ಅಕ್ಟೋಬರಿನಲ್ಲಿ. ನಿಮ್ಮ ಊರ ಹಬ್ಬದ ಟೂರ್ನಿಗೆ ಆರೇ ತಿಂಗಳಲ್ಲಿ ತಯಾರಾಗುತ್ತೇನೆ ಎನ್ನುವ ಮೊದಲು ಇದನ್ನು ನೆನೆಯಿರಿ.

ಕೊನೆಯದಾಗಿ ಕಾಗದಪತ್ರ. ಡಿಸ್ಚಾರ್ಜ್ ಸಾರಾಂಶದಲ್ಲಿ 'ಎಸಿಎಲ್ ರಿಪೇರಿ' ಎಂದಷ್ಟೇ ಇದ್ದರೆ ಬಿಡಬೇಡಿ. ಯಾವ ಮೆನಿಸ್ಕಸ್, ಎಂಥ ಸೀಳು, ಹೊಲಿದರೋ ಕತ್ತರಿಸಿದರೋ, ಎಷ್ಟು ಹೊಲಿಗೆ ಎಂಬ ಆಪರೇಷನ್ ಟಿಪ್ಪಣಿಯನ್ನೂ ದುರ್ಬೀನಿನ ಚಿತ್ರಗಳನ್ನೂ ಕೇಳಿ ಪಡೆಯಿರಿ. ಹೊಲಿದು ಚೆನ್ನಾಗಿ ಕೂಡಿದ ಮೆನಿಸ್ಕಸ್ ಕೂಡ ಎಂಆರ್‌ಐನಲ್ಲಿ ವರ್ಷಗಟ್ಟಲೆ ಹರಿದಂತೆಯೇ ಕಾಣಬಹುದು. ಮುಂದೆಂದೋ ಬೇರೆ ಊರಿನಲ್ಲಿ ಸ್ಕ್ಯಾನ್ ಮಾಡಿಸಿದಾಗ, ಹಳೆಯ ಟಿಪ್ಪಣಿ ಕೈಯಲ್ಲಿಲ್ಲದಿದ್ದರೆ, ಕೂಡಿಕೊಂಡಿರುವ ಹೊಲಿಗೆಯನ್ನೇ ಹೊಸ ಸೀಳೆಂದು ಬರೆದುಕೊಟ್ಟಾರು. ಆಧಾರ್, ರೇಷನ್ ಕಾರ್ಡ್ ಇಡುವ ಕವರಿನಲ್ಲೇ ಅದಕ್ಕೂ ಜಾಗ ಮಾಡಿ.